ಖಾರವಿಲ್ಲದ ಕೋಳಿ

ನಮ್ಮ ಶಾಲೆಯ ದೊಡ್ಡ ಮೇಡಂ ನಿವೃತ್ತರಾದಾಗ ಅವರ ಬೀಳ್ಕೊಡುಗೆಯನ್ನು ಒಂದು ಭಾನುವಾರ ಪಿ.ಟಿ. ಮೇಷ್ಟ್ರ ತೆಂಗಿನ ತೋಟದಲ್ಲಿ ಇಟ್ಟುಕೊಂಡೆವು. ಕೆಂಗಲ್ ದಾಟಿ ಒಳಗೆ ತಿರುಗಿದರೆ ಸಿಗುವ ತೋಟ ಅದು. ಶಾಲೆಯಲ್ಲಿ ಬಾಡೂಟ ಮಾಡುವಂತಿಲ್ಲ, ಬಾಡೂಟವಿಲ್ಲದ್ದನ್ನು ನಮ್ಮ ಕಡೆ ಯಾರೂ ಬೀಳ್ಕೊಡುಗೆ ಎನ್ನುವುದಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಊಟದ ವಿಚಾರ ತೆಗೆದಾಗ ಪಿ.ಟಿ. ಮೇಷ್ಟ್ರು ಬೆರಳು ಮಡಿಸುತ್ತ ಹೋದರು: ನಾಟಿಕೋಳಿ ಸಾರು, ಮುದ್ದೆ, ಮಟನ್ ಬಿರಿಯಾನಿ, ಪೆಪ್ಪರ್ ಫ್ರೈ. "ಕಣ್ಣಲ್ಲಿ ನೀರ್ ಬರ್ಬೇಕು, ಅಂಗಿರ್ಬೇಕು ಖಾರ. ಮೇಡಂ ನಮ್ಮನ್ನ ಜೀವ ಇರೋಗಂಟ ಮರೀಬಾರ್ದು," ಎಂದರು. ಎಲ್ಲರೂ ನಕ್ಕರು. ದೊಡ್ಡ ಮೇಡಂ ಕೂಡ ನಕ್ಕರು. ನನಗೊಬ್ಬಳಿಗೆ ನಗು ಬರಲಿಲ್ಲ.

ಮೇಷ್ಟ್ರು ಹೇಳಿದ್ದರಲ್ಲಿ ಒಂದನ್ನೂ ದೊಡ್ಡ ಮೇಡಂ ಬಾಯಿಗಿಡಲಾರರು ಎನ್ನುವುದು ಆ ಕೋಣೆಯಲ್ಲಿ ನನಗೆ ಮಾತ್ರ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ಅವರ ನಾಲಿಗೆಯ ಬದಿಯಲ್ಲಿ ಒಂದು ಹುಣ್ಣಾಗಿತ್ತು. ಅದು ವಾಸಿಯಾಗದೆ ಹೋಗಿ, ಬೆಂಗಳೂರಿನಲ್ಲಿ ಆಪರೇಷನ್ ಆಗಿ, ಆಮೇಲೆ ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಿಕೊಂಡಿದ್ದರು. ಶಾಲೆಯಲ್ಲಿ ಹೇಳಿದ್ದು ಮಾತ್ರ ಗಂಟಲಲ್ಲಿ ಸಣ್ಣ ಗಡ್ಡೆ, ತೆಗೆಸಿದೆ ಎಂದು. ಅವರ ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಆಸ್ಪತ್ರೆಗೆ ಜೊತೆಗೆ ಹೋಗುತ್ತಿದ್ದವಳು ನಾನು. ನಾನು ಚನ್ನಪಟ್ಟಣದಲ್ಲಿ ರೈಲು ಹತ್ತಿ ಕಿಟಕಿ ಪಕ್ಕ ಜಾಗ ಹಿಡಿದಿರುತ್ತಿದ್ದೆ, ಅವರು ರಾಮನಗರದಲ್ಲಿ ಹತ್ತಿ ಬಂದು ಅಲ್ಲಿ ಕೂರುತ್ತಿದ್ದರು. ಹೋಗುವಾಗ ಮಾತಾಡುತ್ತಿದ್ದೆವು. ಬರುವಾಗ ಅವರಿಗೆ ಮಾತಾಡಲು ಆಗುತ್ತಿರಲಿಲ್ಲ.

"ಯಾರಿಗೂ ಹೇಳ್ಬೇಡ," ಎಂದು ಆಗಲೇ ನನ್ನಿಂದ ಭಾಷೆ ತೆಗೆದುಕೊಂಡಿದ್ದರು. "ಆ ಕಾಯಿಲೆ ಹೆಸರು ಕೇಳಿದ ಮೇಲೆ ಜನ ನನ್ನ ಮುಖ ನೋಡಲ್ಲ, ಬಾಯಿ ನೋಡ್ತಾರೆ."

ಕಾಯಿಲೆ ಹೋಯಿತು. ಆದರೆ ಬಾಯಿ ಮೊದಲಿನಂತಾಗಲಿಲ್ಲ. ಎಂಜಲು ಊರುವುದಿಲ್ಲ. ಖಾರ, ಹುಳಿ, ಬಿಸಿ ಯಾವುದು ತಾಕಿದರೂ ಉರಿ. ಕನಕಪುರದ ಕಡೆಯ ಹೆಣ್ಣುಮಗಳು, ಕೋಳಿಯೆಂದರೆ ಪ್ರಾಣ. ಅಂಥವರು ಮದುವೆ, ಬೀಗರೂಟ ಎಲ್ಲಿಗೆ ಹೋದರೂ "ಇವತ್ತು ಒಪ್ಪತ್ತು" ಎಂದು ಸುಳ್ಳು ಹೇಳಿ ಮೊಸರನ್ನ ಹಿಸುಕಿಕೊಂಡು ಎದ್ದುಬರುತ್ತಿದ್ದರು. ಒಮ್ಮೆ ಮಾತ್ರ ಅವರು ಕೋಳಿ ತಿಂದದ್ದನ್ನು ನಾನು ನೋಡಿದ್ದೆ. ಆಸ್ಪತ್ರೆಯಲ್ಲಿ ಪಕ್ಕದ ರೋಗಿಯ ಮಗಳು ಮೆತ್ತನೆಯ ಬ್ರೆಡ್ಡಿನ ಚೂರಿನ ಮೇಲೆ ಬೆಳ್ಳಗಿನದೇನನ್ನೋ ಹರಡಿ ಕೊಟ್ಟಿದ್ದಳು. ಚಿಕನ್ ಸಲಾಡ್ ಅಂತೆ. ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಕೋಳಿ, ಸೌತೆಕಾಯಿ, ಬಿಳೀ ಸಾಸು. ಖಾರವಿಲ್ಲ, ಹುಳಿಯಿಲ್ಲ, ತಣ್ಣಗಿದೆ, ನುಣ್ಣಗಿದೆ. ಮೇಡಂ ಒಂದನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ತಿಂದರು, ಆಮೇಲೆ ಇನ್ನೊಂದಕ್ಕೆ ತಾವಾಗಿಯೇ ಕೈಚಾಚಿದರು.

ಅದಕ್ಕೇ ನಾನು ಸ್ಟಾಫ್ ರೂಮಿನಲ್ಲಿ, "ಸ್ಟಾರ್ಟರ್ ನನಗೆ ಬಿಡಿ, ಮನೆಯಿಂದ ಮಾಡಿಕೊಂಡು ಬರುತ್ತೇನೆ," ಎಂದದ್ದು. ಎಲ್ಲರೂ ತಿನ್ನುವ ತಿಂಡಿಯೇ ಅವರಿಗೂ ಒಗ್ಗುವಂತಿದ್ದರೆ ಯಾರಿಗೂ ಯಾವ ಸುಳ್ಳನ್ನೂ ಹೇಳಬೇಕಾಗಿರಲಿಲ್ಲ. ಲೆಕ್ಕ ಅಷ್ಟು ಸುಲಭವಾಗಿತ್ತು.

ಮೊದಲ ತೊಡಕು ಅಂಗಡಿಯಲ್ಲೇ ಬಂತು. ಶನಿವಾರ ಶಾಲೆ ಬಿಟ್ಟ ಮೇಲೆ ಚನ್ನಪಟ್ಟಣದ ಅಂಗಡಿಗಳನ್ನೆಲ್ಲ ಸುತ್ತಿದೆ. ಮಯೋನೀಸ್ ಬಾಟಲಿಗಳೇನೋ ಇದ್ದವು, ಒಂದು ಕೆಂಪಗೆ, ಇನ್ನೊಂದು ಕಿತ್ತಳೆ ಬಣ್ಣಕ್ಕೆ. ಒಂದು ತಂದೂರಿಯಂತೆ, ಇನ್ನೊಂದು ಬೆಳ್ಳುಳ್ಳಿ ಮೆಣಸಿನಕಾಯಿಯಂತೆ. "ಪ್ಲೇನ್ ಇಲ್ವಾ?" ಎಂದರೆ ಅಂಗಡಿಯವನು, "ಪ್ಲೇನ್ ಯಾರ್ ತಿಂತಾರೆ ಮೇಡಂ? ಸಣ್ ಮಕ್ಳೂ ಖಾರದ್ದೇ ಕೇಳ್ತವೆ," ಎಂದ. ಮೂಲೆಯಲ್ಲಿ ಸಿಕ್ಕ ಒಂದೇ ಒಂದು ಬಿಳೀ ಬಾಟಲಿಯ ಹಿಂದೆ ವಿನಿಗರ್, ಸಾಸಿವೆ ಎಂದು ಬರೆದಿತ್ತು. ಅದನ್ನು ಮೇಡಂ ನಾಲಿಗೆಗೆ ಸವರುವುದೂ ಒಂದೇ, ಸೀಗೆಪುಡಿ ಸವರುವುದೂ ಒಂದೇ.

ಸರಿ, ಮೊಸರಿನಲ್ಲೇ ಮಾಡೋಣ ಎಂದುಕೊಂಡೆ. ಹುಳಿಯಾಗುವ ಮುಂಚೆಯೇ ಸಿಹಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ, ಬೇಯಿಸಿದ ಮೊಟ್ಟೆಯ ಹಳದಿ, ಹಾಲಿನ ಕೆನೆ ಸೇರಿಸಿದರೆ ಅದೇ ಬಿಳೀ ಸಾಸು. ಆದರೆ ಅವತ್ತು ಶನಿವಾರ. ಆಂಜನೇಯನ ದಿನ ನಮ್ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವಂತಿಲ್ಲ. ಕೋಳಿ ಬೇಯಿಸುವುದು, ಬಿಡಿಸುವುದು, ಆರಿಸುವುದು, ಕಲಸುವುದು ಎಲ್ಲವೂ ಭಾನುವಾರ ಬೆಳಿಗ್ಗೆಯೇ ಆಗಬೇಕು. ಮೊಸರಿನ ಗಂಟೊಂದನ್ನೇ ಕಟ್ಟಿ ಫ್ರಿಜ್ಜಿನಲ್ಲಿಟ್ಟೆ.

ಅಷ್ಟರಲ್ಲಿ ಮಾಗಡಿಯಿಂದ ಅಕ್ಕ ಬಂದಿಳಿದರು. ಅಕ್ಕ ಎಂದರೆ ನನ್ನ ಗಂಡನ ಅಕ್ಕ. ನೂರು ಜನರಿಗೆ ಮುದ್ದೆ ಕಟ್ಟಿ, ಸಾರು ಕುದಿಸಿ, ಮೇಲೆ ಎಲೆಯನ್ನೂ ತೆಗೆಯುವ ಹೆಂಗಸು. ಬಸ್ಸಿನಲ್ಲಿ ನಿಂತುಕೊಂಡೇ ಬಂದರಂತೆ. ಚೀಲದಲ್ಲಿ ಖಾರದಪುಡಿ, ಬೆಳ್ಳುಳ್ಳಿ, ಒಣಕೊಬ್ಬರಿ. ನಮ್ಮತ್ತೆ ನನಗೆ ಒಂದು ಮಾತೂ ಹೇಳದೆ ಫೋನು ಮಾಡಿ ಕರೆಸಿದ್ದರು. "ಅಷ್ಟ್ ಜನುಕ್ಕೆ ಒಬ್ಳೇ ಅದೇನೋ ಮಾಡ್ತಾಳಂತೆ, ನಂಗ್ ಎದ್ರಿಕೆ ಆಯ್ತು," ಎಂದರು ಅತ್ತೆ. ಬೇಡ ಎನ್ನುವುದು ಹೇಗೆ? ಸಹಾಯಕ್ಕೆ ಬಂದವರನ್ನು ಹಿಂದಕ್ಕೆ ಕಳಿಸುವ ಮಾತು ನನ್ನ ಬಾಯಲ್ಲಿ ಹುಟ್ಟುವುದೇ ಇಲ್ಲ.

ಭಾನುವಾರ ಬೆಳಿಗ್ಗೆ ಗಂಡನನ್ನು ಕೋಳಿ ತರಲು ಕಳಿಸಿದೆ. "ಎದೆ ಭಾಗ, ಬೋನ್‌ಲೆಸ್, ಚರ್ಮ ತೆಗ್ಸಿ," ಎಂದು ಎರಡು ಸಲ ಹೇಳಿದ್ದೆ. ಬಂದದ್ದು ಸಾರಿಗೆ ಕತ್ತರಿಸಿದ ತುಂಡು, ಚರ್ಮ ಮೂಳೆ ಸಮೇತ.

"ಏನ್ರೀ ಇದು?"

"ಕೋಳಿ."

"ಬೋನ್‌ಲೆಸ್ ಅಂದಿದ್ದೆ."

"ಭಾನ್ವಾರ ಕಣೆ, ಕ್ಯೂ ನೋಡ್ದಾ ನೀನು? ಅವ್ನು ಕಟ್ ಮಾಡ್ಕೊಡೋದೇ ಎಚ್ಚು. ಮೂಳೆ ಇಲ್ದಿದ್ ಮೇಲೆ ಅದೂ ಒಂದ್ ಕೋಳಿನಾ?"

ಮತ್ತೆ ಓಡಿಸಿದೆ. ಗೊಣಗುತ್ತಲೇ ಹೋದರು. ಅವರು ಬರುವಷ್ಟರಲ್ಲಿ ಸೌತೆಕಾಯಿ ತುರಿದು ನೀರು ಹಿಂಡಿ, ಮೊಟ್ಟೆ ಬೇಯಿಸಿ, ಬ್ರೆಡ್ಡಿನ ಅಂಚು ಕತ್ತರಿಸಿದ್ದೆ. ಮೊದಲು ತಂದ ತುಂಡುಗಳನ್ನು ಮನೆಯ ಮಧ್ಯಾಹ್ನದ ಸಾರಿಗೆಂದು ಅತ್ತೆ ಎತ್ತಿಟ್ಟರು.

ಕೋಳಿ ಬೇಯಲು ಇಟ್ಟಾಗ ಅಕ್ಕ ಬಂದು ಪಾತ್ರೆಗೆ ಇಣುಕಿದರು.

"ಅರಿಸ್ನ ಆಕ್ದಾ?"

"ಬೇಡ ಅಕ್ಕ."

"ಬೆಳ್ಳುಳ್ಳಿ?"

"ಅದೂ ಬೇಡ."

"ಒಸಿ ಮೆಣಸಾದ್ರೂ?"

"ಉಪ್ಪು ಹಾಕಿದ್ದೀನಿ ಅಕ್ಕ, ಸಾಕು."

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು. "ಇದ್ಯಾವ್ ಸೀಮೆ ಅಡ್ಗೆ ಕಣಮ್ಮಿ? ಬಾಣ್ತೀರ್ಗೂ ನಾವು ಇದ್ಕಿಂತ ಖಾರ ಕೊಡ್ತೀವಿ. ಇದು ಉಸಾರಿಲ್ದೋರ್ ತಿನ್ನೋ ಊಟ."

ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. "ಈಗ ಪಾರ್ಟಿಗಳಲ್ಲೆಲ್ಲ ಹೀಗೇ ಮಾಡೋದು ಅಕ್ಕ," ಎಂದೆ. ಅವರಿಗೆ ಅದು ನಂಬುವ ಮಾತಾಗಿ ಕಾಣಲಿಲ್ಲ. ನನಗೂ ಕಾಣುತ್ತಿರಲಿಲ್ಲ.

ಕೋಳಿ ಆರಿದ ಮೇಲೆ ನೂಲಿನಂತೆ ಬಿಡಿಸಿದೆ. ಮೊಸರು, ಕೆನೆ, ಹಳದಿ ಎಲ್ಲವನ್ನೂ ನುಣ್ಣಗೆ ಮಾಡಿ ಕಲಸಿ ಬಾಯಿಗಿಟ್ಟೆ. ಆಸ್ಪತ್ರೆಯಲ್ಲಿ ಅವತ್ತು ನನಗೂ ಒಂದು ಚೂರು ಕೊಟ್ಟಿದ್ದರಲ್ಲ, ಹೆಚ್ಚುಕಡಿಮೆ ಅದೇ ರುಚಿ. ಒಂದು ಗಳಿಗೆ ನನಗೆ ನನ್ನ ಮೇಲೆಯೇ ಪ್ರೀತಿ ಬಂತು. ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಹಾಕಿ, ತಣ್ಣಗಾಗಲಿ ಎಂದು ಫ್ರಿಜ್ಜಿನಲ್ಲಿಟ್ಟು ಸ್ನಾನಕ್ಕೆ ಹೋದೆ.

ತಲೆಗೆ ನೀರು ಸುರಿದುಕೊಳ್ಳುತ್ತಿರುವಾಗ ಒಗ್ಗರಣೆಯ ವಾಸನೆ ಬಂತು. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ. ಮನೆಯ ಸಾರಿಗಿರಬೇಕು ಎಂದುಕೊಂಡೆ. ಆಮೇಲೆ ಸಾರಿಗೆ ಈಗಲೇ ಯಾಕೆ ಒಗ್ಗರಣೆ ಎನ್ನಿಸಿ, ಹೇಗೋ ಸೀರೆ ಸುತ್ತಿಕೊಂಡು ಒದ್ದೆ ತಲೆಯಲ್ಲೇ ಹೊರಗೆ ಬಂದೆ.

ಒಲೆಯ ಮೇಲೆ ಬಾಂಡ್ಲಿ. ಬಾಂಡ್ಲಿಯಲ್ಲಿ ನನ್ನ ಸಲಾಡು. ಮೊಸರು ಒಡೆದು ನೀರೊಂದು ಕಡೆ, ಗಸಿಯೊಂದು ಕಡೆ ಆಗಿತ್ತು. ಕೆನೆಯೆಲ್ಲ ಎಣ್ಣೆಯಾಗಿ ಬದಿಯಲ್ಲಿ ಕುದಿಯುತ್ತಿತ್ತು, ಮೇಲೆ ಸೀಳಿದ ಮೆಣಸಿನಕಾಯಿ ಮತ್ತು ಮಾಗಡಿಯ ಖಾರದಪುಡಿ. ಅಕ್ಕ ಸೌಟಿನಲ್ಲಿ ತಿರುವುತ್ತ ನನ್ನ ಕಡೆ ತಿರುಗಿ ನಕ್ಕರು.

"ಈಗ್ ನೋಡು, ಎಂಗೈತೆ! ಪ್ರಿಜ್ಜಲ್ಲಿ ತಣ್ಗೆ ಕುಂತಿತ್ತು. ಸಪ್ಪೆ ಅಂದ್ರೆ ಸಪ್ಪೆ. ಒಸಿ ಬಿಸಿ ಮಾಡಿ ಒಗ್ಗರ್ಣೆ ಕೊಟ್ಟೆ."

ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ನಾನು ದೊಡ್ಡ ದನಿ ತೆಗೆದವಳಲ್ಲ. ಅವತ್ತು ಪಕ್ಕದ ಮನೆಯವರಿಗೂ ಕೇಳಿಸಿರಬೇಕು. "ಯಾರು ಹೇಳಿದ್ರು ನಿಮಗೆ? ಯಾರು ಕೇಳಿದ್ರು? ಬೆಳಿಗ್ಗೆಯಿಂದ ಬೇಡ ಬೇಡ ಅಂತಲೇ ಇದ್ದೀನಲ್ಲ, ಕಿವಿ ಇಲ್ವಾ ಈ ಮನೆಯಲ್ಲಿ ಯಾರಿಗೂ?"

ಅತ್ತೆ ನಡುಮನೆಯಿಂದ ಓಡಿಬಂದರು. ಗಂಡ ಪೇಪರು ಹಿಡಿದುಕೊಂಡೇ ಬಾಗಿಲಿಗೆ ಬಂದು ಅಲ್ಲೇ ನಿಂತರು. ಅಕ್ಕ ಒಲೆ ಆರಿಸಿದರು. ಅವರ ಮುಖ ಸಣ್ಣದಾಯಿತು.

"ಅಷ್ಟ್ ಜನದ್ ಮುಂದೆ ನಿನ್ ಮಾನ ಓಗ್ಬಾರ್ದು ಅಂತ ಮಾಡ್ದೆ ಕಣಮ್ಮಿ. ನಂಗೇನ್ ಬಂದೈತೆ? ನನ್ ಚೀಲ ಎಲ್ಲೈತೆ ಅವ್ವಾ, ನಾನ್ ಬಸ್ಸಿಗ್ ಓಯ್ತೀನಿ."

"ಅಲ್ಲೊಬ್ಬರು ಖಾರ ತಿನ್ನಕ್ಕಾಗಲ್ಲ ಅಕ್ಕ!" ಎಂದುಬಿಟ್ಟೆ. "ಅವರಿಗೋಸ್ಕರವೇ ಇದನ್ನು ಮಾಡ್ತಿದ್ದದ್ದು. ಇನ್ನೇನೂ ಕೇಳಬೇಡಿ."

ಅಕ್ಕ ಚೀಲ ಹುಡುಕುವುದನ್ನು ನಿಲ್ಲಿಸಿದರು. ಯಾರು, ಏನು ಎಂದು ಕೇಳಲಿಲ್ಲ. ಬಾಂಡ್ಲಿಯನ್ನು ಕೆಳಗಿಟ್ಟು, "ಮೊದ್ಲೇ ಯೋಳಕ್ಕೆ ಏನಾಗಿತ್ತು? ನಾನೇನ್ ಊರ್ಗೆಲ್ಲ ಟಾಂಟಾಂ ಒಡೀತಿದ್ನಾ?" ಎಂದರು. ನಾನು ಗಡಿಯಾರ ನೋಡಿದೆ. ಕೋಪ ಇಳಿದಿರಲಿಲ್ಲ.

ಮತ್ತೆ ಅಂಗಡಿಗೆ ಹೋಗಿ ಕ್ಯೂ ನಿಲ್ಲುವಷ್ಟು ಹೊತ್ತಿರಲಿಲ್ಲ. ಸಾರಿಗೆಂದು ಎತ್ತಿಟ್ಟಿದ್ದ ತುಂಡುಗಳನ್ನೇ ಕುಕ್ಕರಿಗೆ ಹಾಕಿದೆ. ಆರಲು ಬಿಡದೆ ಇಬ್ಬರೂ ಕೂತು ಮೂಳೆ ಬಿಡಿಸಿದೆವು. ಬೆರಳು ಸುಡುತ್ತಿತ್ತು. ಮಧ್ಯೆ ಒಂದು ಸಲ, "ಇಲ್ಲೊಂದು ಸಣ್ ಮೂಳೆ ಐತೆ ನೋಡು, ಅವ್ರ್ ಬಾಯ್ಗೆ ಸಿಕ್ಕಾತು," ಎಂದು ಸೂಜಿಯಂಥ ಮೂಳೆಯೊಂದನ್ನು ತೆಗೆದು ನನ್ನ ಕಣ್ಣಿಗೆ ಹಿಡಿದರು. ಕಟ್ಟಿದ ಮೊಸರು ಮುಗಿದಿತ್ತು. ಗಂಡ ಬೀದಿ ಕೊನೆಯಿಂದ ಪ್ಯಾಕೆಟ್ ಮೊಸರು ತಂದರು. ಬಟ್ಟೆಗೆ ಸುರಿದು ಕೈಯಲ್ಲೇ ಹಿಂಡಿದೆ. ನೀರು ಪೂರ್ತಿ ಇಳಿಯಲಿಲ್ಲ. ಮುಟ್ಟಿ ನೋಡಿದರೆ ಒಂದಿಷ್ಟು ಹುಳಿ. ಬೆಣ್ಣೆ ಸೇರಿಸಿದೆ, ಉಳಿದಿದ್ದ ಮೊಟ್ಟೆಯ ಹಳದಿಯನ್ನೆಲ್ಲ ಹಾಕಿದೆ, ಒಂದು ಚಿಟಿಕೆ ಸಕ್ಕರೆಯನ್ನೂ ಹಾಕಿದೆ. ಮೊದಲಿನದು ನೂಲಿನಂತಿತ್ತು. ಇದು ಗಂಜಿಗೂ ಚಟ್ನಿಗೂ ನಡುವೆ ಎಲ್ಲೋ ಇತ್ತು. ಬ್ರೆಡ್ಡಿನ ಮೇಲೆ ಈಗಲೇ ಹರಡಿದರೆ ನೆನೆದು ಕುಸಿಯುತ್ತದೆಂದು ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿದೆ. ದೊಡ್ಡ ಮೇಡಂಗೆಂದು ಒಂದು ಪುಟ್ಟ ಡಬ್ಬಿ ಪ್ರತ್ಯೇಕವಾಗಿ ಕಟ್ಟಿದೆ.

ಕೆಂಗಲ್ ದಾರಿ ಭಾನುವಾರ ಹೇಗಿರುತ್ತದೆಂದು ಗೊತ್ತೇ ಇದೆ. ಸ್ಕೂಟರಿನ ಹಿಂದೆ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು, ಕಾರುಗಳ ನಡುವೆ ಬಿಸಿಲಲ್ಲಿ ನಿಂತೇ ಅರ್ಧ ದಾರಿ ಕಳೆಯಿತು. ತೋಟ ತಲುಪುವಷ್ಟರಲ್ಲಿ ಭಾಷಣ ಶುರುವಾಗಿತ್ತು. ಮೇಡಮ್ಮಿಗೆ ಮೈಸೂರು ಪೇಟ ತೊಡಿಸಿ, ಹಾರ ಹಾಕಿ, ಬಣ್ಣದ ಬಟ್ಟೆ ಕಟ್ಟಿದ ಕುರ್ಚಿಯಲ್ಲಿ ಕೂರಿಸಿದ್ದರು. ಒಬ್ಬರಾದ ಮೇಲೆ ಒಬ್ಬರು ಮೈಕು ಹಿಡಿದರು. ಬಿಡುವವರೇ ಇಲ್ಲ. ನಾನು ತೆಂಗಿನ ಮರದ ಬುಡದಲ್ಲಿ ಕೂತು ಬ್ರೆಡ್ಡಿಗೆ ಹರಡಿ ತಟ್ಟೆಗಳಲ್ಲಿ ಜೋಡಿಸುತ್ತಿದ್ದೆ. ಸೆಕೆಗೆ ಮೊಸರು ಇನ್ನಷ್ಟು ಹುಳಿಯಾಗುತ್ತಿರಬಹುದು ಎಂಬ ಯೋಚನೆಯಲ್ಲಿ ಒಂದು ಭಾಷಣವೂ ಕಿವಿಗೆ ಬೀಳಲಿಲ್ಲ.

ತಟ್ಟೆ ಹೊರಟ ಕೂಡಲೇ ಪಿ.ಟಿ. ಮೇಷ್ಟ್ರು ಒಂದನ್ನು ಎತ್ತಿ ತಿರುಗಿಸಿ ನೋಡಿದರು. "ಇದೇನ್ ಮೇಡಂ, ಕೇಕಾ?"

"ಕೋಳಿ ಸರ್."

"ಕೋಳಿನಾ?" ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು. "ಪಾಪ, ಕೋಳಿಗೆ ತಾನ್ ಕೋಳಿ ಅನ್ನೋದೇ ಮರ್ತೋಗೈತೆ," ಎಂದರು. ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೋ ಅಡುಗೆಯವರ ಹತ್ತಿರ ಹೋಗಿ ಪೆಪ್ಪರ್ ಫ್ರೈನ ಮಸಾಲೆ ತಂದು ಅದರ ಮೇಲೆ ಸುರಿದುಕೊಂಡರು. ಹಾಗೆ ಆಡಿಕೊಳ್ಳುತ್ತಲೇ ಎಲ್ಲ ತಟ್ಟೆಗಳನ್ನೂ ಖಾಲಿ ಮಾಡಿದರು. ದೊಡ್ಡ ಮೇಡಂ ಕೂತಿದ್ದ ಕಡೆಗೆ ಒಂದು ಚೂರೂ ತಲುಪಲಿಲ್ಲ. ಸದ್ಯ ಪುಟ್ಟ ಡಬ್ಬಿ ನನ್ನ ಹತ್ತಿರವಿತ್ತು. ಊಟಕ್ಕೆ ಕೂತಾಗ ಅವರ ಪಕ್ಕದಲ್ಲೇ ಜಾಗ ಹಿಡಿದು ಅದನ್ನು ಬಿಚ್ಚಿ, ಎತ್ತಿಟ್ಟುಕೊಂಡಿದ್ದ ಬ್ರೆಡ್ಡಿನ ಚೂರುಗಳಿಗೆ ಹರಡಿ ಅವರ ಎಲೆಯ ಮೇಲಿಟ್ಟೆ. ಮೇಡಂ ನನ್ನ ಮುಖ ನೋಡಿದರು. ಒಂದನ್ನು ತೆಗೆದುಕೊಂಡು ಮೆಲ್ಲಗೆ ತಿನ್ನತೊಡಗಿದರು.

ಅಷ್ಟರಲ್ಲಿ ಪಿ.ಟಿ. ಮೇಷ್ಟ್ರು ಸಾರಿನ ಬಕೆಟ್ಟು ಹಿಡಿದು ಬಂದರು. "ಮೇಡಂ, ಅದನ್ನೆಲ್ಲ ಬುಡಿ. ನಾಟಿ ಕೋಳಿ, ನಾನೇ ನಿಂತ್ಕಂಡ್ ಮಾಡ್ಸಿರೋದು. ಒಸಿ ಆಕ್ತೀನಿ."

"ಬೇಡಪ್ಪ," ಎಂದರು ಮೇಡಂ.

"ಇವತ್ತು ಒಪ್ಪತ್ತು ಅನ್ನಂಗಿಲ್ಲ. ಇವತ್ತ್ ನಿಮ್ದೇ ಊಟ." ಸೌಟು ಎಲೆಯ ಮೇಲೆ ಬಂದೇಬಿಟ್ಟಿತ್ತು.

ಮೇಡಂ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು. "ನನ್ನ ಬಾಯಿಗೆ ಆಗಲ್ಲಪ್ಪ. ನನಗೆ ನಾಲಿಗೆ ಕ್ಯಾನ್ಸರ್ ಆಗಿತ್ತು. ಕರೆಂಟ್ ಕೊಟ್ಟಿದ್ದಾರೆ. ಖಾರ ತಾಕಿದರೆ ಉರಿ. ನಿಮಗೆಲ್ಲ ಇಷ್ಟು ದಿನ ಸುಳ್ಳು ಹೇಳಿದೆ, ಇನ್ನು ಯಾಕೆ? ನಾಳೆಯಿಂದ ಶಾಲೆಗೆ ಬರೋಳಲ್ಲ."

ನಾಳೆ ಶಾಲೆಗೆ ರಜ ಎಂದು ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದರು. ಪಂಕ್ತಿಯಲ್ಲಿ ಕೂತಿದ್ದವರ ಕೈಗಳೆಲ್ಲ ನಿಂತವು.

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಇದೇ ಒಂದು ಮಾತನ್ನು ಕಾಯಲು ಹೋಗಿ ಬೆಳಿಗ್ಗೆಯಿಂದ ಮನೆಯವರೆಲ್ಲರ ಜೊತೆ ಜಗಳವಾಡಿ, ಅಕ್ಕನ ಮೇಲೆ ಕೂಗಾಡಿ, ತೋಟದ ತುಂಬ ನಗೆಪಾಟಲಾಗಿ ಕೂತಿದ್ದೇನೆ. ಇವರು ಅದನ್ನು ಉಪ್ಪಿನಕಾಯಿ ಬೇಡ ಎನ್ನುವಷ್ಟು ಹಗುರವಾಗಿ ಹೇಳಿಬಿಟ್ಟರು! ನಿನ್ನೆ ಒಂದು ಮಾತು ಹೇಳಿದ್ದರೆ ಅಡುಗೆಯವರೇ ಮಸಾಲೆ ಬೀಳುವ ಮುಂಚೆ ನಾಲ್ಕು ತುಂಡು ತೆಗೆದಿಡುತ್ತಿದ್ದರು. ಎದ್ದುಹೋಗಬೇಕೆನ್ನಿಸಿತು. ಎದುರಿಗೆ ಎಲೆಯಲ್ಲಿ ಮುದ್ದೆ ಇತ್ತು, ಎದ್ದುಹೋಗಲಿಲ್ಲ.

ಪಿ.ಟಿ. ಮೇಷ್ಟ್ರು ಬಕೆಟ್ಟನ್ನು ಕೆಳಗಿಟ್ಟರು. ಆಮೇಲೆ ತಾವೇ ಹೋಗಿ ಒಂದು ಎಳನೀರು ಕೊಚ್ಚಿಸಿ, ಒಳಗಿನ ಮೆತ್ತನೆಯ ಗಂಜಿಯನ್ನು ಚಮಚದಲ್ಲಿ ಕೆರೆದು ಬಟ್ಟಲಲ್ಲಿ ತಂದರು. "ಇದ್ ಆಯ್ತದಾ ಮೇಡಂ?" ಎಂದು ಕೇಳಿದರು. ಮೇಡಂ ಆಗುತ್ತದೆ ಎಂದು ತಲೆಯಾಡಿಸಿದರು. ಜನ ಅವರ ಬಾಯಿಯನ್ನೇ ನೋಡಿದರು, ಅದು ನಿಜ. ಸ್ವಲ್ಪ ಹೊತ್ತು ನೋಡಿ, ಆಮೇಲೆ ತಮ್ಮ ತಮ್ಮ ಬಿರಿಯಾನಿಗೆ ತಿರುಗಿಕೊಂಡರು.

ಕೈ ತೊಳೆಯಲು ಹೋದಾಗ ನಲ್ಲಿಯ ಹತ್ತಿರ ನಾವಿಬ್ಬರೇ ಇದ್ದೆವು. ಪುಟ್ಟ ಡಬ್ಬಿ ಖಾಲಿಯಾಗಿ ಅವರ ಕೈಯಲ್ಲಿತ್ತು.

"ಹೇಗಿತ್ತು ಮೇಡಂ?" ಎಂದೆ.

"ಹುಳಿ ಆಗಿತ್ತು ಕಣೆ. ಉರೀತು."

"ಮತ್ತೆ ಎಲ್ಲವನ್ನೂ ಯಾಕೆ ತಿಂದ್ರಿ?"

"ಕೋಳಿ ಅಲ್ವಾ," ಎಂದರು. ಡಬ್ಬಿ ತೊಳೆದು, ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು.

ಮೊದಲಿನದು ಹೇಗಾಗಿತ್ತು ಗೊತ್ತಾ, ನೂಲಿನ ಹಾಗೆ ಬಂದಿತ್ತು, ಒಂದಿಷ್ಟೂ ಹುಳಿ ಇರಲಿಲ್ಲ ಎಂದು ಹೇಳಬೇಕೆನ್ನಿಸಿತು. ಇಲ್ಲದ ಅಡುಗೆಯ ರುಚಿ ಹೇಳಿ ಏನು ಪ್ರಯೋಜನ? ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ.

ಸಂಜೆ ಮನೆಗೆ ಬಂದಾಗ ಅಕ್ಕ ಬಳೆ ಸರಿಮಾಡಿಕೊಂಡು, ಚೀಲ ಪಕ್ಕದಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ಮಾಗಡಿಯ ಬಸ್ಸಿಗೆ ಹೊತ್ತಾಗುತ್ತಿತ್ತು. ಒಳಗಿನಿಂದ ಅತ್ತೆ, "ಬಾಂಡ್ಲಿದು ಬಾಳ ಚೆನ್ನಾಗಿತ್ತು ಕಣವ್ವ, ಮುದ್ದೆ ಜೊತೆ ಎಲ್ಲಾ ಖಾಲಿ ಆಯ್ತು. ಅದನ್ನೇ ತಗಂಡೋಗ್ಬೋದಾಗಿತ್ತು," ಎಂದರು. ನನ್ನ ಗಂಡ ಯಾವ ಕಡೆಗೂ ಸೇರದೆ ಗೋಡೆ ನೋಡುತ್ತಿದ್ದರು. ನಾನು ಡಬ್ಬಿಗಳನ್ನು ಸಿಂಕಿನಲ್ಲಿ ದಡ್ಡನೆ ಇಟ್ಟು, ಅಕ್ಕನ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೆ.

ಬಸ್ಸಿನಲ್ಲಿ ಜಾಗ ಹಿಡಿದು ಕೂತ ಮೇಲೆ ಅಕ್ಕ ಕಿಟಕಿಯಿಂದ ಬಗ್ಗಿ ಕೇಳಿದರು:

"ತಿಂದ್ರಾ ಅವ್ರು?"

"ತಿಂದರು. ಹುಳಿಯಾಗಿತ್ತಂತೆ."

"ಪಾಕಿಟ್ ಮೊಸ್ರು ಅಲ್ವಾ, ಇನ್ನೇನಾದಾತು." ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ಎಂಗಸ್ರಾ?" ಎಂದರು.

"ಹೌದು."

"ನಮ್ ಎಮ್ಮೆ ಮೊನ್ನೆ ಈದೈತೆ. ಮುಂದಿನ್ ವಾರ ಮೊಸ್ರು ತತ್ತೀನಿ. ಆವತ್ತು ನಾನ್ ಅಡ್ಗೆಮನೆಗೆ ಬರಕ್ಕಿಲ್ಲ, ಜಗ್ಲಿ ಮೇಲೇ ಕುಂತಿರ್ತೀನಿ. ನೀನೇ ಮಾಡು."

ಆ ಮಾತಿಗೂ ನನಗೆ ನಗು ಬರಲಿಲ್ಲ. ಸರಿ ಎಂದಷ್ಟೇ ಹೇಳಿದೆ. ಕಂಡಕ್ಟರು ವಿಸಿಲ್ ಹಾಕಿದ, ಬಸ್ಸು ಹೊರಟಿತು. ಬರುವಾಗ ಬೇಕರಿಯ ಮುಂದೆ ನಿಂತು, ಶನಿವಾರ ಸಂಜೆ ಬ್ರೆಡ್ಡು ಯಾವ ಹೊತ್ತಿಗೆ ಹೊಸದು ಬರುತ್ತದೆ ಎಂದು ಕೇಳಿಕೊಂಡು ಮನೆಗೆ ಹೋದೆ.